ಹೋಗಿ ಬರುವ ಗೆರೆ

ಶುರು ಮಾಡೋ ಮೊದಲು ಒಂದು ಹಾಳೆ, ಎರಡು ಬಣ್ಣದ ಪೆನ್ನು ತಗೊಳ್ಳಿ. ಚೌಕದ ಗೆರೆ ಇರುವ ಲೆಕ್ಕದ ಪುಸ್ತಕದ ಹಾಳೆ ಆದರೆ ಇನ್ನೂ ಒಳ್ಳೇದು. ಟ್ರೇನಲ್ಲಿ ನಿಂತುಕೊಂಡು ಕೇಳ್ತಾ ಇದ್ದರೆ ಮನಸ್ಸಲ್ಲೇ ಬರೀರಿ, ಪರವಾಗಿಲ್ಲ.

ಎಡದಿಂದ ಬಲಕ್ಕೆ, ಕೆಂಪು ಪೆನ್ನಿನಲ್ಲಿ ಒಂದು ಮನೆಯಷ್ಟು ಗೆರೆ ಎಳೀರಿ. ಒಂದು ಮನೆ ಬಿಡಿ. ಮತ್ತೆ ಒಂದು ಎಳೀರಿ, ಒಂದು ಬಿಡಿ. ಹೀಗೆ ಹತ್ತು ಮನೆ ಹೋಗಿ. ಈಗ ನೀಲಿ ಪೆನ್ನು ಹಿಡಿದು ಹೋದ ದಾರಿಯಲ್ಲೇ ವಾಪಸ್ ಬನ್ನಿ. ಬರುವಾಗ ಬಿಟ್ಟ ಮನೆಗಳನ್ನು ತುಂಬಿಕೊಂಡು ಬನ್ನಿ. ಹೊರಟ ಜಾಗಕ್ಕೇ ಬಂದು ನಿಲ್ತೀರಿ, ಗೆರೆಯೂ ಪೂರ್ತಿಯಾಗಿರುತ್ತೆ.

ಇದನ್ನೇ ಬಟ್ಟೆಯ ಮೇಲೆ ಸೂಜಿಯಲ್ಲಿ ಮಾಡಿದರೆ ಅದಕ್ಕೆ ಗವಂತಿ ಅಂತಾರೆ. ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ ಇವೆ: ಗವಂತಿ, ಮುರಗಿ, ನೇಗಿ, ಮೆಂತಿ. ಮುರಗಿ ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಏರುತ್ತೆ. ನೇಗಿ ನೋಡೋಕೆ ನೇಯ್ದ ಹಾಗೇ ಇರುತ್ತೆ. ಮೆಂತಿ ಅಂದರೆ ಒಂದರ ಮೇಲೊಂದು ಅಡ್ಡ ಹಾಯುವ ಹೊಲಿಗೆ, ಮೆಂತ್ಯದ ಕಾಳು ಚೆಲ್ಲಿದ ಹಾಗೆ ಕಾಣುತ್ತೆ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಬರಬೇಕು, ಗಂಟು ಹಾಕುವ ಹಾಗಿಲ್ಲ. ಮೊದಲು ಪೆನ್ಸಿಲ್‌ನಲ್ಲಿ ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವುದೂ ಇಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಹೋಗಬೇಕು, ಅಷ್ಟೇ. ಇಳಕಲ್ ಸೀರೆಯ ಮೇಲೆ ನೀವು ನೋಡಿರಬಹುದಾದ ಗೋಪುರ, ತುಳಸಿ ಬೃಂದಾವನ, ತೇರು, ಆನೆ, ನವಿಲು, ತೊಟ್ಟಿಲು ಎಲ್ಲವೂ ಹೀಗೆ ಎಣಿಸಿ ಎಣಿಸಿ ಬಂದವು.

ನಾನು ಲಂಡನ್‌ನಲ್ಲಿ ಕೂತು ಇದನ್ನು ಬರೀತಿದ್ದೇನೆ. ಮೂರು ವರ್ಷದಿಂದ ಸ್ಕೆಚ್‌ಬುಕ್ಕಿನ ಚಿತ್ರಗಳನ್ನು ಟ್ಯಾಬ್ಲೆಟ್ಟಿಗೆ ತಂದು ಡಿಜಿಟಲ್ ಪ್ಯಾಟರ್ನ್ ಮಾಡುವುದನ್ನು ಕಲೀತಿದ್ದೇನೆ. ಬರೆದದ್ದನ್ನು ಹಂಚಿಕೊಳ್ಳುತ್ತಲೂ ಇದ್ದೇನೆ. ನಿಮ್ಮಲ್ಲಿ ಎಷ್ಟೋ ಜನ ಇದೇ ದಾರಿಯಲ್ಲಿರಬಹುದು: ಬ್ಯಾಗಿನಲ್ಲಿ ಒಂದು ಸಣ್ಣ ಪುಸ್ತಕ, ಅದರಲ್ಲಿ ಬಸ್ ಸ್ಟಾಪ್, ಕಾಫಿ ಕಪ್, ಅಜ್ಜಿಯ ಸೀರೆಯ ಅಂಚು. ಅದರಲ್ಲಿ ಯಾವುದನ್ನು ತೋರಿಸಬೇಕು, ಹೇಗೆ ತೋರಿಸಬೇಕು ಅನ್ನೋದೇ ಇವತ್ತಿನ ಮಾತು.

ಮೊದಲು ಕೈ ಕೆಲಸದ ಬಗ್ಗೆ ಹೇಳ್ತೀನಿ. ಆಸೆ ಇದ್ದರೂ ಇಲ್ಲೇ ಹೆದರಿ ಬಿಟ್ಟುಬಿಡೋರು ಜಾಸ್ತಿ.

ದುಬಾರಿ ಸಾಮಾನು ಏನೂ ಬೇಡ. ಪುಸ್ತಕದ ಹಾಳೆಯನ್ನು ಕಿಟಕಿ ಹತ್ತಿರ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟು, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ಫೋಟೋ ತೆಗೀರಿ. ಫೋಟೋದಲ್ಲಿ ಬಿಳಿ ಹಾಳೆ ಬೂದಿ ಬಣ್ಣಕ್ಕೆ ಬಂದಿರುತ್ತೆ. ಹಲವು ಚಿತ್ರದ ತಂತ್ರಾಂಶಗಳಲ್ಲಿ 'ಲೆವೆಲ್ಸ್' ಅಂತ ಒಂದು ಆಯ್ಕೆ ಸಿಗುತ್ತೆ. ಅದರಲ್ಲಿ ಬೂದಿಯನ್ನು ಬಿಳಿಗೆ ಎಳೆದರೆ ಪೆನ್ನಿನ ಗೆರೆ ಮಾತ್ರ ಉಳಿಯುತ್ತೆ. ಐಪ್ಯಾಡ್ ಇದ್ದವರು ಪ್ರೊಕ್ರಿಯೇಟ್ ಬಳಸ್ತಾರೆ. ನಾನು ಶುರು ಮಾಡಿದ್ದು ಕ್ರಿಟಾದಲ್ಲಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕ್ರಿಟಾ ತೆರೆದು ಕೀಬೋರ್ಡಿನಲ್ಲಿ 'ಡಬ್ಲ್ಯೂ' ಒತ್ತಿ ನೋಡಿ. ನಿಮ್ಮ ಒಂದು ಚೌಕದ ಸುತ್ತ ಅದೇ ಚೌಕ ಎಲ್ಲಾ ದಿಕ್ಕಿಗೂ ಹರಡಿಕೊಳ್ಳುತ್ತೆ. ಬಲ ಅಂಚಿನಿಂದ ಗೆರೆ ಆಚೆಗೆ ಹೋದರೆ ಎಡ ಅಂಚಿನಿಂದ ಒಳಗೆ ಬರುತ್ತೆ. ಪ್ಯಾಟರ್ನ್ ಅಂದರೆ ಏನು ಅಂತ ನನಗೆ ಯಾವ ಪಾಠಕ್ಕಿಂತ ಚೆನ್ನಾಗಿ ತಿಳಿಸಿದ್ದು ಆ ಒಂದು ಕೀಲಿ.

ಲೆಕ್ಕ ಒಂದೇ ಒಂದು ಕಡೆ ಸೂಕ್ಷ್ಮ. ರಂಗೋಲಿ ಹಾಕಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಸಾಲಾಗಿ ಹನ್ನೆರಡು ಮನೆ ಬೇಕಾದರೆ ಹದಿಮೂರು ಚುಕ್ಕಿ ಇಡಬೇಕು. ಆದರೆ ಅದೇ ಸಾಲು ಮತ್ತೆ ಮತ್ತೆ ಮುಂದುವರಿಯುವಾಗ ಹದಿಮೂರನೇ ಚುಕ್ಕಿ ಈ ತುಂಡಿನದ್ದಲ್ಲ, ಮುಂದಿನ ತುಂಡಿನ ಮೊದಲ ಚುಕ್ಕಿ. ಹಾಗಾಗಿ ಒಂದು ಮನೆಗೆ 40 ಪಿಕ್ಸೆಲ್ ಇಟ್ಟುಕೊಂಡರೆ ಹನ್ನೆರಡು ಮನೆಯ ತುಂಡು ಸರಿಯಾಗಿ 480 ಪಿಕ್ಸೆಲ್ ಅಗಲ ಇರಬೇಕು. ಕೊನೆಯ ಗೆರೆಯನ್ನೂ ಸೇರಿಸಿ ಅಗಲ ಮಾಡಿದರೆ ಜೋಡಣೆಯ ಕಡೆ ಗೆರೆ ದಪ್ಪವಾಗಿ ಕಾಣುತ್ತೆ.

ತುಂಡು ಸಿದ್ಧವಾದ ಮೇಲೆ ಅದನ್ನು ಹೇಗೆ ಹರಡೋದು? ನೇರವಾಗಿ ಪಕ್ಕಪಕ್ಕ ಇಡಬಹುದು. ಪಕ್ಕದ ಕಂಬಸಾಲನ್ನು ಅರ್ಧ ಕೆಳಗೆ ಇಳಿಸಬಹುದು, ಇದಕ್ಕೆ 'ಹಾಫ್ ಡ್ರಾಪ್' ಅಂತಾರೆ. ಇಟ್ಟಿಗೆ ಗೋಡೆಯ ಹಾಗೆ ಒಂದು ಸಾಲನ್ನು ಪಕ್ಕಕ್ಕೆ ಸರಿಸಬಹುದು. ಅರ್ಧ ಇಳಿಸುವುದಾದರೆ ಎತ್ತರ ಸಮಸಂಖ್ಯೆಯಲ್ಲಿರಲಿ, ಇಲ್ಲದಿದ್ದರೆ ಅರ್ಧ ಮನೆಯಲ್ಲಿ ಬಂದು ನಿಲ್ಲುತ್ತೆ. ಕನ್ನಡಿಯ ಹಾಗೆ ತಿರುಗಿಸುವುದು, ಗಾಲಿಯ ಹಾಗೆ ಸುತ್ತಿಸುವುದು ಎಲ್ಲಾ ಸೇರಿಸಿದರೂ ಸಮತಟ್ಟಾದ ಜಾಗದಲ್ಲಿ ಎರಡು ದಿಕ್ಕಿಗೆ ಹರಡುವ ವಿನ್ಯಾಸಗಳಿಗೆ ಇರುವುದು ಬರೀ 17 ಬಗೆಯ ಜೋಡಣೆ. 1891ರಲ್ಲಿ ರಷ್ಯಾದ ಫೆಡೊರೊವ್ ಇದನ್ನು ಸಾಧಿಸಿ ತೋರಿಸಿದರು. ಅದರಲ್ಲಿ ಐದಕ್ಕೆ ಮೂರು ಮೂಲೆ, ಆರು ಮೂಲೆಯ ಸುತ್ತು ಬೇಕು. ನಮ್ಮ ಕಸೂತಿಯ ಚೌಕದ ಎಳೆಗಳ ಮೇಲೆ ಅವು ಕೂರೋದಿಲ್ಲ. ಉಳಿದದ್ದು ಹನ್ನೆರಡು. ಹನ್ನೆರಡು ಅಂದರೆ ಒಂದು ವರ್ಷದಲ್ಲಿ ತಿಂಗಳಿಗೊಂದರಂತೆ ಕಲಿಯಬಹುದು.

ಇಷ್ಟು ಕಲಿತ ಮೇಲೆ ಕೆಲಸ ಬಲು ಬೇಗ ಆಗುತ್ತೆ. ಕಸೂತಿಯಲ್ಲಿ ಅಡ್ಡ, ಉದ್ದ, ಓರೆ, ಇಷ್ಟು ಗೆರೆ ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಟ್ಯಾಬ್ಲೆಟ್ಟಿನಲ್ಲಿ ಗ್ರಿಡ್ ಹಾಕಿಕೊಂಡು ಕೂತರೆ ಒಂದು ಸಂಜೆಯಲ್ಲಿ ಗೋಪುರದ ಸಾಲು ಸಿದ್ಧ. ಬಣ್ಣ ಬದಲಾಯಿಸಬೇಕಾ? ಒಂದು ಒತ್ತು. ಬಟ್ಟೆಯ ಮೇಲೆ ಅಚ್ಚು ಹಾಕಿಸೋಕೆ ಇಂಚಿಗೆ 150 ಪಿಕ್ಸೆಲ್ ಇದ್ದರೆ ಸಾಮಾನ್ಯವಾಗಿ ಸಾಕು, ಕಾಗದಕ್ಕೆ 300 ಇಟ್ಟುಕೊಳ್ಳಿ. ನಾನು ಹೀಗೆ ಮಾಡಿದ ಮೊದಲ ಗೋಪುರದ ಪ್ಯಾಟರ್ನನ್ನು ಧಾರವಾಡದಲ್ಲಿರೋ ಅವ್ವನಿಗೆ ಕಳಿಸಿದೆ.

ಅವ್ವ ನಲವತ್ತು ವರ್ಷ ಕಸೂತಿ ಹಾಕಿದವಳು. ಈಗ ಅವಳ ಕಣ್ಣಿಗೆ ಎಳೆ ಕಾಣೋದಿಲ್ಲ. ಸೀರೆ ಮುಂದೆ ಹಿಡಿದರೆ ಬಣ್ಣ ಗೊತ್ತಾಗುತ್ತೆ, ಎಣಿಸೋಕೆ ಆಗಲ್ಲ. ಆದರೆ ಫೋನಿನ ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿದರೆ ಚೆನ್ನಾಗಿ ಕಾಣುತ್ತೆ. ಅವತ್ತು ತುಂಬಾ ಹೊತ್ತು ನೋಡಿ ಹೇಳಿದಳು.

"ಚಿತ್ರ ಬರೋಬ್ಬರಿ ಐತಿ. ಆದ್ರ ದಾರಿ ಎಲ್ಲೈತಿ?"

"ಯಾವ ದಾರಿ ಅವ್ವಾ?"

"ಸೂಜಿ ಎಲ್ಲಿಂದ ಹೊಂಟು, ಎಲ್ಲಿ ತಿರುಗಿ, ಎಲ್ಲಿಗೆ ಬಂತು, ಅದು. ಇದನ್ನ ನೋಡಿ ಮಂದಿ ಹೆಂಗ ಹೊಲೀಬೇಕು?"

ಅವಳ ಪ್ರಶ್ನೆ ಎಷ್ಟು ದೊಡ್ಡದು ಅಂತ ತಿಳಿಯೋಕೆ ಮತ್ತೆ ನಿಮ್ಮ ಹಾಳೆಗೆ ಬನ್ನಿ. ಈಗ ನಿಮ್ಮ ಹತ್ತು ಮನೆಯ ಗೆರೆಯ ಮಧ್ಯದಿಂದ ಮೇಲಕ್ಕೆ ಮೂರು ಮನೆಯ ಒಂದು ಕೊಂಬೆ ಬರೀರಿ. ಗವಂತಿಯಲ್ಲಿ ಇದನ್ನು ಹೊಲಿಯುವಾಗ ಸೂಜಿ ಆ ಕವಲಿಗೆ ಬಂದ ಕೂಡಲೇ ಮೊದಲು ಕೊಂಬೆಯನ್ನು ಹತ್ತಬೇಕು, ತುದಿ ಮುಟ್ಟಿ ಬಿಟ್ಟ ಮನೆ ತುಂಬಿಕೊಂಡು ಇಳಿಯಬೇಕು, ಆಮೇಲೆ ದೊಡ್ಡ ದಾರಿಯಲ್ಲಿ ಮುಂದಕ್ಕೆ ಹೋಗಬೇಕು. ದೊಡ್ಡ ದಾರಿಯ ಬಿಟ್ಟ ಮನೆಗಳು ವಾಪಸ್ ಬರುವಾಗ ತುಂಬುತ್ತವೆ. ಕೊಂಬೆಗೆ ಇನ್ನೊಂದು ಕೊಂಬೆ ಇದ್ದರೆ ಅಲ್ಲೂ ಇದೇ ನಿಯಮ. ನವಿಲಿನ ಗರಿಯಲ್ಲಿ, ತೇರಿನ ಕಳಸದಲ್ಲಿ ಇಂಥ ಕವಲು ಲೆಕ್ಕವಿಲ್ಲದಷ್ಟು. ಮುಗಿದ ಚಿತ್ರ ನೋಡಿದರೆ ಇದ್ಯಾವುದೂ ಕಾಣೋದಿಲ್ಲ. ಹೋದ ಗೆರೆ, ಬಂದ ಗೆರೆ ಎರಡೂ ಸೇರಿ ಒಂದೇ ಗೆರೆ ಆಗಿಬಿಟ್ಟಿರುತ್ತೆ. ಅದೇ ಅದರ ಅಂದ. ನೋಡಿ ಕಲಿಯೋದು ಕಷ್ಟ ಆಗೋದೂ ಅದಕ್ಕೇ.

ಗಣಿತ ಇಷ್ಟಪಡೋ ಮಕ್ಕಳು ಓದ್ತಾ ಇದ್ದರೆ ಒಂದು ಮಾತು. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಕಥೆ ಕೇಳಿರಬಹುದು. ಪ್ರತಿ ಸೇತುವೆಯನ್ನು ಒಂದೇ ಒಂದು ಸಲ ದಾಟಿ ಊರು ಸುತ್ತೋದು ಸಾಧ್ಯವಿಲ್ಲ ಅಂತ ಹದಿನೆಂಟನೇ ಶತಮಾನದಲ್ಲಿ ಆಯ್ಲರ್ ತೋರಿಸಿದರು. ಆದರೆ ಪ್ರತಿ ಸೇತುವೆಯನ್ನು ಎರಡೆರಡು ಸಲ ದಾಟಬಹುದು ಅಂದರೆ? ಆಗ ಹೊರಟ ಜಾಗಕ್ಕೆ ವಾಪಸ್ ಬರೋದು ಯಾವಾಗಲೂ ಸಾಧ್ಯ, ಸೇತುವೆಗಳು ಹೇಗೇ ಇರಲಿ. ಗವಂತಿ ಮಾಡೋದು ಅದನ್ನೇ. ಪ್ರತಿ ಮನೆಯನ್ನೂ ಒಮ್ಮೆ ಬಟ್ಟೆಯ ಮೇಲಿಂದ, ಒಮ್ಮೆ ಕೆಳಗಿಂದ ದಾಟುತ್ತೆ. ದಾರ ಹೊರಟ ಕಡೆಗೇ ಬರುತ್ತೆ, ಗಂಟು ಬೇಕಾಗಲ್ಲ. ದಾರಿ ಇದೆ ಅಂತ ಗಣಿತ ಹೇಳುತ್ತೆ. ಆದರೆ ಒಂದೇ ಚಿತ್ರಕ್ಕೆ ಹಲವು ದಾರಿ ಇರಬಹುದು. ಅದರಲ್ಲಿ ಕೈಗೆ ಸುಲಭವಾದದ್ದು, ದಾರ ಸಿಕ್ಕು ಬೀಳದ್ದು ಯಾವುದು ಅನ್ನೋದು ಹೊಲಿದವರಿಗೆ ಮಾತ್ರ ಗೊತ್ತು. ಅವ್ವ ಕೇಳಿದ ದಾರಿ ಅದು.

ಅಲ್ಲಿಂದ ನನ್ನ ಕೆಲಸದ ರೀತಿ ಬೇರೆಯಾಯ್ತು. ಚಿತ್ರದ ತಂತ್ರಾಂಶಗಳಲ್ಲಿ ಲೇಯರ್ ಅಂತ ಇರುತ್ತಲ್ಲ, ಗಾಜಿನ ಹಾಳೆ ಒಂದರ ಮೇಲೊಂದು ಇಟ್ಟ ಹಾಗೆ. ಈಗ ನಾನು ಪ್ರತಿ ಕಸೂತಿ ಚಿತ್ರಕ್ಕೆ ಮೂರು ಪದರ ಮಾಡ್ತೀನಿ. ಕೆಂಪು ಪದರ ಹೋಗುವ ಗೆರೆಗೆ, ನೀಲಿ ಪದರ ಬರುವ ಗೆರೆಗೆ, ಮೂರನೆಯದರಲ್ಲಿ ತಿರುವುಗಳಿಗೆ ಒಂದು, ಎರಡು, ಮೂರು ಅಂತ ಅಂಕಿ. ನೀಲಿಯನ್ನು ಮರೆಮಾಡಿದರೆ ಅರ್ಧ ದಾರಿ ಕಾಣುತ್ತೆ. ಪ್ರೊಕ್ರಿಯೇಟ್‌ನಲ್ಲಿ ಬರೆದದ್ದೆಲ್ಲಾ ತಾನಾಗಿಯೇ ವಿಡಿಯೋ ಆಗಿ ಉಳಿಯುವ ಸೌಲಭ್ಯ ಇದೆ. ಹೊಲಿಗೆಯ ಕ್ರಮದಲ್ಲೇ ಬರೆದರೆ ಆ ವಿಡಿಯೋನೇ ಪಾಠ.

ಕ್ರಮ ಬೇಕು ಅಂದರೆ ಅವ್ವನನ್ನೇ ಕೇಳಬೇಕು. ಭಾನುವಾರ ವಿಡಿಯೋ ಕಾಲ್ ಮಾಡ್ತೀನಿ. ಮೊದಮೊದಲು ಪ್ರಶ್ನೆ ಕೇಳಿದರೆ ಅವಳು ಸುಮ್ಮನಾಗಿಬಿಡ್ತಿದ್ದಳು. ಒಂದು ದಿನ ಒಳಗೆ ಹೋಗಿ ಸೂಜಿ ತಂದಳು. "ಬರೇ ಬಾಯಿಲೆ ಹೇಳಾಕ ಬರೂದಿಲ್ಲವಾ. ಕೈಯಾಗ ಸೂಜಿ ಬೇಕು." ದಾರವಿಲ್ಲದ ಸೂಜಿ, ಮಡಿಲಲ್ಲಿ ಒಂದು ಹಳೇ ಪಂಚೆಯ ತುಂಡು. ಕಣ್ಣು ಮುಚ್ಚಿಕೊಂಡು ಸೂಜಿ ಆಡಿಸ್ತಾಳೆ: ಮೇಲೆ, ಬಿಡು, ಮೇಲೆ, ಎಡಕ್ಕ, ಇಳಿ, ತಿರುಗು. ಇಲ್ಲಿ ನಾನು ಚೌಕದ ಹಾಳೆಯ ಮೇಲೆ ಅಂಕಿ ಹಾಕ್ತೀನಿ. ಕೆಲವು ಸಲ ಅವಳ ಕೈ ನಿಂತುಬಿಡುತ್ತೆ. ಮುಂದಿನದು ನೆನಪಾಗೋದಿಲ್ಲ. ಆಗ ಮೊದಲಿಂದ ಶುರು ಮಾಡ್ತಾಳೆ, ಎರಡನೇ ಸಲ ಕೈ ತಾನಾಗಿಯೇ ಆ ಜಾಗ ದಾಟುತ್ತೆ. ದಾಟದ ಚಿತ್ರಗಳೂ ಇವೆ. ಅವುಗಳ ರೂಪ ನನ್ನ ಹತ್ತಿರ ಇದೆ, ಸೀರೆಯ ಮೇಲೂ ಇದೆ. ದಾರಿ ಮಾತ್ರ ಹೋಯ್ತು.

ಹಂಚಿಕೊಳ್ಳುವ ವಿಷಯಕ್ಕೆ ಬರ್ತೀನಿ. ನನ್ನ ಗೋಪುರದ ಪ್ಯಾಟರ್ನ್ ನೋಡಿದ ಒಬ್ಬರು ಅದನ್ನು ದಿಂಬಿನ ಕವರಿನ ಮೇಲೆ ಅಚ್ಚು ಹಾಕಿ ಮಾರೋಣ ಅಂದರು. 'ಕಸೂತಿ ಕುಶನ್' ಅಂತ ಹೆಸರೂ ಇಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಎರಡು ದಿನ ಯೋಚನೆ ಮಾಡಿದೆ. ಆ ಗೋಪುರ ನನ್ನದಲ್ಲ, ಅವ್ವನದೂ ಅಲ್ಲ. ಎಷ್ಟೋ ತಲೆಮಾರಿನ ಹೆಂಗಸರು ಒಬ್ಬರಿಂದೊಬ್ಬರು ನೋಡಿ ಕಲಿತದ್ದು. ಹಾಗಾಗಿ ಬರೆಯಬೇಡಿ, ಬಳಸಬೇಡಿ ಅಂತ ಯಾರಿಗೂ ಹೇಳುವ ಹಕ್ಕು ನನಗಿಲ್ಲ. ಆದರೆ ಅಚ್ಚು ಹಾಕಿದ ಬಟ್ಟೆ ಕಸೂತಿ ಅಲ್ಲ. ಕಸೂತಿಗೆ ಭಾರತದಲ್ಲಿ ಜಿಐ ಟ್ಯಾಗ್ ಇದೆ, ಅಂದರೆ ಆ ಹೆಸರು ಆ ಪ್ರದೇಶದ ಆ ಕೈ ಕೆಲಸಕ್ಕೆ ಸೇರಿದ್ದು. ಅದಕ್ಕೇ ಹೇಳಿದೆ: ಹೆಸರು ಬದಲಾಯಿಸಿ, ಇದು ಧಾರವಾಡದ ಕಸೂತಿ ನೋಡಿ ಬರೆದ ಚಿತ್ರ ಅಂತ ಚೀಟಿಯಲ್ಲಿ ಬರೀರಿ, ಆಮೇಲೆ ಮಾಡೋಣ. ಅವರು ಒಪ್ಪಿದರು.

ಹೆಸರಿನ ಬಗ್ಗೆ ಇಷ್ಟು ಹಟ ಯಾಕೆ ಅಂತ ಕೇಳಬಹುದು. ನಾವಿರೋ ದೇಶದಲ್ಲೇ ಉದಾಹರಣೆ ಇದೆ. ನಮ್ಮ ಸೀರೆಗಳಲ್ಲಿ ಮಾವಿನಕಾಯಿ ಅಂತ ಕರೆಯೋ ಬುಟ್ಟಾಕ್ಕೆ ಇಂಗ್ಲಿಷಿನಲ್ಲಿ ಪೈಸ್ಲಿ ಅಂತಾರೆ. ಪೈಸ್ಲಿ ಅನ್ನೋದು ಸ್ಕಾಟ್ಲೆಂಡಿನ ಒಂದು ಊರು. ಹತ್ತೊಂಬತ್ತನೇ ಶತಮಾನದಲ್ಲಿ ಕಾಶ್ಮೀರಿ ಶಾಲುಗಳನ್ನು ನೋಡಿ ಅಲ್ಲಿನ ಮಗ್ಗಗಳಲ್ಲಿ ಅಂಥದೇ ಶಾಲು ನೇಯ್ದರು. ಶಾಲಿನ ಜೊತೆ ಆ ಊರಿನ ಹೆಸರು ಪ್ರಪಂಚಕ್ಕೆಲ್ಲಾ ಹೋಯ್ತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅಜ್ಜಿಯ ಸೀರೆ ನೋಡಿ "ಓ, ಪೈಸ್ಲಿ" ಅಂತಾರೆ.

ಗವಂತಿಯ ಕಥೆಯೂ ಹೀಗೇ ಇದೆ. ಈ ಹೋಗಿ ಬರುವ ಹೊಲಿಗೆ ನಮ್ಮಲ್ಲಿ ಮಾತ್ರ ಇರೋದಲ್ಲ. ಹದಿನಾರನೇ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿ ಲಿನನ್ ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹಾಕುತ್ತಿದ್ದ ಕೆಲಸದಲ್ಲೂ ಅದೇ ಹೊಲಿಗೆ ಬಳಸುತ್ತಿದ್ದರು. ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಕಾರ ಹ್ಯಾನ್ಸ್ ಹೋಲ್ಬೈನ್ ರಾಣಿ ಜೇನ್ ಸೀಮೋರ್ ಚಿತ್ರ ಬರೆದಾಗ ಅವಳ ತೋಳಿನ ಪಟ್ಟಿಯ ಮೇಲಿನ ಹೊಲಿಗೆಯನ್ನು ಎಷ್ಟು ಸ್ಪಷ್ಟವಾಗಿ ಬರೆದ ಅಂದರೆ ಇವತ್ತಿಗೂ ಆ ವಿನ್ಯಾಸವನ್ನು ಅದನ್ನು ನೋಡಿಯೇ ಹೊಲಿಯಬಹುದು. ಹೋಲ್ಬೈನ್ 1543ರಲ್ಲಿ ಲಂಡನ್‌ನಲ್ಲೇ ತೀರಿಕೊಂಡ. ಈಗ ಆ ಹೊಲಿಗೆಗೆ ಇಂಗ್ಲಿಷಿನಲ್ಲಿ ಹೋಲ್ಬೈನ್ ಸ್ಟಿಚ್ ಅಂತಲೇ ಹೆಸರು. ಹೊಲಿದವರ ಹೆಸರು ಅದಕ್ಕೆ ಬರಲಿಲ್ಲ, ಚಿತ್ರ ಬರೆದವನದು ಬಂತು.

ಅವನು ಕೇಳಿ ಇಟ್ಟುಕೊಂಡ ಹೆಸರಲ್ಲ ಅದು. ಆದರೂ ಬರೆದು ತೋರಿಸುವ ನಮ್ಮಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು. ಚಿತ್ರಕ್ಕೆ ಕಾಲಿದೆ, ಅದು ಓಡಾಡುತ್ತೆ. ಹೊಲಿಗೆ ಮನೆಯಲ್ಲೇ ಇರುತ್ತೆ. ಒಂದು ಸ್ಕ್ರೀನ್‌ಶಾಟ್ ಎಷ್ಟು ದೂರ ಹೋಗುತ್ತೆ, ಯಾರ ಹೆಸರಲ್ಲಿ ಹೋಗುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೆ ನಾನು ಮೂರು ನಿಯಮ ಇಟ್ಟುಕೊಂಡಿದ್ದೇನೆ. ನಿಮಗೂ ಸರಿ ಅನ್ನಿಸಿದರೆ ತಗೊಳ್ಳಿ.

ಒಂದು, ಮುಗಿದ ಪ್ಯಾಟರ್ನ್ ಒಂದನ್ನೇ ಹಾಕೋದಿಲ್ಲ. ಅದರ ಪಕ್ಕದಲ್ಲಿ ಸ್ಕೆಚ್‌ಬುಕ್ಕಿನ ಹಾಳೆಯನ್ನೂ ಹಾಕ್ತೀನಿ, ಅಳಿಸಿದ ಗುರುತು, ಅಂಕಿ, ಬಾಣ, ಚಹಾದ ಕಲೆ ಸಮೇತ. ಚೆಂದದ ಪ್ಯಾಟರ್ನ್ ನೋಡಿ ಜನ ಚೆನ್ನಾಗಿದೆ ಅಂತಾರೆ. ಅಂಕಿ ಹಾಕಿದ ಹಾಳೆ ನೋಡಿದವರು ಸೂಜಿ ತಗೊಂಡು ಕೂರ್ತಾರೆ. ಎರಡನೆಯದು, ಹೊಲಿಗೆಯ ಹೆಸರು ಕನ್ನಡದಲ್ಲೇ ಇರುತ್ತೆ: ಗವಂತಿ, ಮುರಗಿ. ಬೇಕಾದರೆ ಮುಂದೆ ವಿವರಣೆ ಕೊಡ್ತೀನಿ, ಆದರೆ ಹೆಸರು ಮೊದಲು. ಮೂರನೆಯದು, ಆ ಚಿತ್ರವನ್ನು ಯಾವ ಊರಿನ ಸೀರೆ ನೋಡಿ ಬರೆದೆ, ದಾರಿ ಹೇಳಿಕೊಟ್ಟದ್ದು ಯಾರು ಅನ್ನೋದನ್ನು ಚಿತ್ರದ ಒಳಗೇ, ಮೂಲೆಯಲ್ಲಿ ಬರೀತೀನಿ. ಕೆಳಗಿನ ಅಡಿಬರಹ ಕಳಚಿ ಹೋಗುತ್ತೆ, ಚಿತ್ರದೊಳಗಿನ ಅಕ್ಷರ ಅಷ್ಟು ಬೇಗ ಹೋಗಲ್ಲ. ಹೆಸರು ಹಾಕೋ ಮೊದಲು ಅವರನ್ನು ಕೇಳ್ತೀನಿ. ಅವ್ವ "ನನ್ನ ಹೆಸರ್ಯಾಕ, ಊರಿನ ಹೆಸರ ಹಾಕು" ಅಂದಳು. ಹಾಗಾಗಿ ಅವಳ ಚಿತ್ರಗಳ ಮೂಲೆಯಲ್ಲಿ ಧಾರವಾಡ ಅಂತ ಇದೆ.

ಇಲ್ಲೇ ಹುಟ್ಟಿ, ಕನ್ನಡವನ್ನು ಈಗ ಕಲೀತಾ ಇರೋ ನಿಮಗೆ ಇನ್ನೊಂದು ವಿಷಯ. ಕನ್ನಡ ಚೆನ್ನಾಗಿ ಬರಲ್ಲ, ಅಜ್ಜಿ ಜೊತೆ ಏನು ಮಾತಾಡೋದು ಅಂತ ಫೋನ್ ಮಾಡೋಕೆ ಹಿಂಜರಿಯೋರು ಬಹಳ ಜನ. "ಊಟ ಆಯ್ತಾ?", "ಆಯ್ತು", ಅಲ್ಲಿಗೆ ಮಾತು ಮುಗೀತು. ಈ ಕೆಲಸಕ್ಕೆ ಬೇಕಾಗೋ ಕನ್ನಡ ಬಹಳ ಕಡಿಮೆ. ಮೇಲೆ, ಕೆಳಗೆ, ಎಡ, ಬಲ, ಎಳೆ, ಮನೆ, ಬಿಡು, ತಿರುಗು, ಇನ್ನೊಮ್ಮೆ. ಇಷ್ಟರಲ್ಲಿ ಒಂದು ಗಂಟೆ ಮಾತಾಡಬಹುದು. ಮಧ್ಯದಲ್ಲಿ ಅಜ್ಜಿ ಬೇರೆ ಮಾತಿಗೂ ಹೋಗ್ತಾರೆ: ಈ ಸೀರೆ ಯಾವಾಗ ಬಂತು, ಇದನ್ನು ಯಾರ ಮದುವೆಗೆ ಉಟ್ಟಿದ್ದರು, ಯಾರ ಕೈ ಚುರುಕು. ಅರ್ಥ ಆಗದಿದ್ದರೆ ರೆಕಾರ್ಡ್ ಮಾಡಿಕೊಂಡು ಆಮೇಲೆ ಅಪ್ಪ ಅಮ್ಮನ ಹತ್ತಿರ ಕೇಳಿ.

ಕಸೂತಿನೇ ಆಗಬೇಕು ಅಂತಿಲ್ಲ. ನಿಮ್ಮ ಮನೆಯಲ್ಲಿ ಚುಕ್ಕಿ ರಂಗೋಲಿ ಹಾಕೋರು ಇರಬಹುದು. ಸಾಗರದ ಕಡೆಯವರಾದರೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯೋದನ್ನು ಕಂಡವರು ಇರಬಹುದು. ಕೌದಿ ಹೊಲಿಯೋರು, ಉಲ್ಲನ್ ಹೆಣೆಯೋರು, ಬಾಗಿಲ ತೋರಣಕ್ಕೆ ಮಣಿ ಪೋಣಿಸೋರು ಇರಬಹುದು. ಫೋಟೋ ತೆಗೆದುಕೊಂಡು ಬಿಡಬೇಡಿ. ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: ಮೊದಲು ಎಲ್ಲಿಂದ ಶುರು ಮಾಡ್ತೀರಿ? ಆಮೇಲೆ ಪೆನ್ನು ಹಿಡಿದು ಅವರ ಕೈ ಹೋದ ಕಡೆ ಹೋಗಿ. ನಿಮ್ಮ ಗೆರೆ ಸೊಟ್ಟಗಿದ್ದರೂ ನಡೆಯುತ್ತೆ, ಅದನ್ನು ನೇರ ಮಾಡೋಕೆ ಟ್ಯಾಬ್ಲೆಟ್ ಇದೆ. ಕ್ರಮ ತಪ್ಪಿದರೆ ಅದನ್ನು ಸರಿಮಾಡಿಕೊಡೋ ಟ್ಯಾಬ್ಲೆಟ್ ಎಲ್ಲೂ ಇಲ್ಲ.

ಇಲ್ಲಿಯವರೆಗೆ ನನ್ನ ಪುಸ್ತಕದಲ್ಲಿ ಅವ್ವ ಹೇಳಿದ ಹದಿನಾಲ್ಕು ದಾರಿಗಳು ಸೇರಿವೆ. ಹದಿನೈದನೆಯದು ತೇರು. ಗಾಲಿಯವರೆಗೆ ಬಂದಿದ್ದೇವೆ. ಗಾಲಿಗೆ ಎರಡು ದಾರಿ ಇವೆಯಂತೆ, ಒಂದು ಅವಳ ಅವ್ವ ಕಲಿಸಿದ್ದು, ಇನ್ನೊಂದು ಪಕ್ಕದ ಮನೆಯವರದು. ಮೊದಲನೆಯದಕ್ಕೆ ಅಂಕಿ ಹಾಕಿ ಆಗಿದೆ.